ಪ್ಯಾಥೋಫಿಸಿಯಾಲಜಿ ಓದುವ ದಾರಿ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಬಾಗೇಪಲ್ಲಿ ಅಥವಾ ಪಾವಗಡದ ಕಡೆಯ ಒಂದು ಮನೆ ಎಂದುಕೊಳ್ಳಿ. ತಾತನ ಬೆನ್ನು ಮರಗಟ್ಟಿದೆ, ಬಗ್ಗಿ ಚಪ್ಪಲಿ ಎತ್ತಿಕೊಳ್ಳಲೂ ಆಗದು. ಮೊಮ್ಮಗನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ. ಇಪ್ಪತ್ತು ವರ್ಷದ ಹಿಂದೆ ಬೇರೆ ಜಿಲ್ಲೆಯಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಬೆಳ್ಳಗೇ ಇವೆ, ಆದರೆ ಈಚೆಗೆ ಅವಳಿಗೂ ಸೊಂಟ, ಮಂಡಿ ಹಿಡಿದುಕೊಳ್ಳುತ್ತಿದೆ. ಮೂವರೂ ಕುಡಿದದ್ದು ಒಂದೇ ಕೊಳವೆಬಾವಿಯ ನೀರು. ಕಾರಣ ಒಂದೇ, ಫ್ಲೋರೈಡ್. ಮೂರು ಮೈಗಳಲ್ಲಿ ಮೂರು ಥರ ಕಂಡದ್ದು ಯಾಕೆ?

ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಆ ಹೊತ್ತಿನಲ್ಲಿ ಫ್ಲೋರೈಡ್ ಅತಿಯಾದರೆ ಎನಾಮೆಲ್ ಕಟ್ಟುವ ಕೆಲಸ ಅರೆಬರೆಯಾಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಸೊಸೆ ಬರುವ ಹೊತ್ತಿಗೆ ಅವಳ ಎನಾಮೆಲ್ ಕೆಲಸ ಮುಗಿದಿತ್ತು, ಅದಕ್ಕೇ ಹಲ್ಲು ಉಳಿಯಿತು. ಮೂಳೆ ಹಾಗಲ್ಲ, ಅದು ಬದುಕಿರುವಷ್ಟು ಕಾಲವೂ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಮೂಳೆಯ ಖನಿಜದಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಮೂಳೆ ದಪ್ಪವಾದರೂ ಗಟ್ಟಿತನ ಕೆಡುತ್ತದೆ, ಕೀಲಿನ ಸುತ್ತಲ ಕಟ್ಟುಗಳಿಗೂ ಸುಣ್ಣ ಏರುತ್ತದೆ. ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ತಾತನಿಗೆ ಹೆಚ್ಚು, ಸೊಸೆಗೆ ಈಗಷ್ಟೇ ಶುರು.

ಈ ಎರಡು ಪ್ಯಾರಾದಲ್ಲಿ ನಡೆದದ್ದೇ ಪ್ಯಾಥೋಫಿಸಿಯಾಲಜಿ. ಕಾರಣದಿಂದ ಲಕ್ಷಣದವರೆಗಿನ ಒಂದೊಂದು ಕೊಂಡಿಗೂ 'ಯಾಕೆ' ಎಂದು ಕೇಳಿ ಉತ್ತರ ಪಡೆಯುವ ವಿದ್ಯೆ ಇದು. ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇದನ್ನು ಪಟ್ಟಿಯಂತೆ ಓದುವುದರಿಂದ: ಕಾರಣಗಳು ಎಂಟು, ಲಕ್ಷಣಗಳು ಹನ್ನೆರಡು, ತೊಡಕುಗಳು ಆರು. ಪಟ್ಟಿ ಮೂರು ದಿನಕ್ಕೆ ಮರೆತುಹೋಗುತ್ತದೆ, ಕೊಂಡಿ ಉಳಿಯುತ್ತದೆ.

ಮೊದಲು 'ಆರೋಗ್ಯ' ಎಂಬ ಪದ

ಬಿಎಸ್‌ಸಿ ನರ್ಸಿಂಗ್‌ನ 2021ರ ಪರಿಷ್ಕೃತ ಪಠ್ಯಕ್ರಮದಲ್ಲಿ ಪ್ಯಾಥಾಲಜಿ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ಅಡಲ್ಟ್ ಹೆಲ್ತ್ ನರ್ಸಿಂಗ್ ಜೊತೆಜೊತೆಗೇ ಬರುತ್ತದೆ. ಆದರೆ ಆರೋಗ್ಯ, ರೋಗ ಎಂದರೇನು ಎಂಬ ಪಾಠ ಮೊದಲ ವರ್ಷದಲ್ಲೇ ಮುಗಿದಿರುತ್ತದೆ. ಆದ್ದರಿಂದ ಎರಡೂ ಬೇರೆ ಬೇರೆ ವಿಷಯ ಅನ್ನಿಸುತ್ತವೆ. ಅವನ್ನು ಕೂಡಿಸಿಕೊಂಡು ಓದಿ.

ವಿಶ್ವ ಆರೋಗ್ಯ ಸಂಸ್ಥೆಯ 1948ರ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ: ದೈಹಿಕ, ಮಾನಸಿಕ, ಸಾಮಾಜಿಕವಾಗಿ ಸಂಪೂರ್ಣ ಕ್ಷೇಮವಾಗಿರುವುದೇ ಆರೋಗ್ಯ, ಬರಿದೆ ರೋಗವಿಲ್ಲದಿರುವುದಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದನ್ನು ಒಪ್ಪಿಸಿದ ಮೇಲೆ ಬರುವ ಪ್ರಶ್ನೆ, 'ಇದರಲ್ಲಿ ತೊಡಕೇನು?' ಎಂಬುದು. ತೊಡಕು 'ಸಂಪೂರ್ಣ' ಎಂಬ ಪದದಲ್ಲಿದೆ. ಆ ಅಳತೆಗೋಲಿಟ್ಟರೆ ಬಿಪಿ ಮಾತ್ರೆ ನುಂಗಿಕೊಂಡು ಹೊಲ ಉಳುತ್ತಿರುವ ರೈತ ಎಂದೂ ಆರೋಗ್ಯವಂತನಾಗಲಾರ. ಅದಕ್ಕೇ ಆರೋಗ್ಯವನ್ನು ಇದೆ ಅಥವಾ ಇಲ್ಲ ಎನ್ನದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರುವ ಸ್ಥಿತಿ ಎಂದು ನೋಡುವ ಮಾದರಿಗಳು ಬಂದವು.

ಡಿಸೀಸ್, ಇಲ್‌ನೆಸ್, ಸಿಕ್‌ನೆಸ್ ಇವುಗಳ ವ್ಯತ್ಯಾಸ ಬರೆಯಿರಿ ಎಂದರೆ ತಡವರಿಸುವವರೇ ಹೆಚ್ಚು. ನಮ್ಮ ಮಾತಿನಲ್ಲೇ ಹಿಡಿದುಕೊಳ್ಳಿ. ಸಕ್ಕರೆ 260 ಇದ್ದರೂ 'ನಂಗೇನಾಗಿದೆ, ಕಲ್ಲು ಇದ್ದಂಗಿದೀನಿ' ಎನ್ನುವವರಿಗೆ ಕಾಯಿಲೆ (ಡಿಸೀಸ್) ಇದೆ, ಹುಷಾರಿಲ್ಲ ಎಂಬ ಅನುಭವ (ಇಲ್‌ನೆಸ್) ಇಲ್ಲ. ಎಲ್ಲ ರಿಪೋರ್ಟ್ ನಾರ್ಮಲ್ ಬಂದರೂ ನರಳುವವರಿಗೆ ಹುಷಾರಿಲ್ಲ, ಪತ್ತೆಯಾದ ಕಾಯಿಲೆ ಇಲ್ಲ. ಮನೆಯವರು, ಕೆಲಸ ಕೊಟ್ಟವರು 'ಪಾಪ, ಹಾಸಿಗೆ ಹಿಡಿದಿದ್ದಾರೆ' ಎಂದು ಒಪ್ಪಿ ಬಿಡುವು ಕೊಟ್ಟರೆ ಅದು ಮೂರನೆಯದು, ಸಿಕ್‌ನೆಸ್. ಮೊದಲನೇ ಥರದವರು ಮಾತ್ರೆ ಬಿಡುತ್ತಾರೆ ಎಂಬುದು ಗೊತ್ತಿದ್ದರೆ ಹೆಲ್ತ್ ಎಜುಕೇಷನ್‌ನ ಅರ್ಧ ಕೆಲಸ ಮುಗಿದಂತೆ.

ಏಜೆಂಟ್ (ರೋಗ ತರುವ ವಸ್ತು), ಹೋಸ್ಟ್ (ರೋಗ ತಗಲುವ ಮನುಷ್ಯ), ಎನ್ವಿರಾನ್‌ಮೆಂಟ್ (ಪರಿಸರ) ಎಂಬ ತ್ರಿಕೋನಕ್ಕೂ ಅದೇ ಫ್ಲೋರೋಸಿಸ್ ಮನೆ ಸಾಕು. ಫ್ಲೋರೈಡ್ ಏಜೆಂಟ್. ಹಲ್ಲು ಮೂಡುವ ವಯಸ್ಸು, ಊಟದಲ್ಲಿ ಕ್ಯಾಲ್ಸಿಯಂ ಕೊರತೆ ಹೋಸ್ಟ್‌ಗೆ ಸೇರಿದ್ದು. ಗಟ್ಟಿಬಂಡೆಯ ನೆಲ, ನದಿಯಿಲ್ಲದ ಬಯಲುಸೀಮೆ, ಸಾವಿರ ಅಡಿಗೆ ಇಳಿದ ಬೋರ್‌ವೆಲ್ ಪರಿಸರ. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ತಡೆಯ ಹಂತಗಳನ್ನೂ ಇಲ್ಲೇ ಕೂರಿಸಿ. ಶುದ್ಧ ನೀರು ಕೊಡುವುದು ಪ್ರಾಥಮಿಕ ತಡೆ. ಲಕ್ಷಣ ಬಲಿಯುವ ಮುಂಚೆ ಪತ್ತೆ ಹಚ್ಚುವುದು ಎರಡನೆಯದು. ಮಂಡಿ ಮಡಚದೆ ಬಗ್ಗಿ ನೆಲ ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈಗಳನ್ನು ಅಗಲಿಸಿ ಮಡಚಿ ತಲೆಯ ಹಿಂಬದಿ ಮುಟ್ಟುವುದು, ಈ ಮೂರು ಪರೀಕ್ಷೆಗಳನ್ನು ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ ನೀವೇ ಮಾಡಿಸಬಹುದು. ಬಾಗಿದ ಮೈಗೆ ವ್ಯಾಯಾಮ, ಶಸ್ತ್ರಚಿಕಿತ್ಸೆ, ಊರುಗೋಲು ಮೂರನೆಯದು.

ಅಂದಹಾಗೆ, 'ನೀರು ಕುದಿಸಿ ಕುಡಿಯಿರಿ' ಎಂದು ಇಲ್ಲಿ ಹೇಳಿಬಿಟ್ಟರೆ ತಪ್ಪಾಯಿತು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ.

ಸಹಜ ಸ್ಥಿತಿ ಬಾರದೆ ರೋಗಕ್ಕೆ ಕೈ ಹಾಕಬೇಡಿ

ನಿಯಮ ಇಷ್ಟೇ: ಯಾವ ಅಂಗದ ರೋಗ ಓದಬೇಕೋ ಆ ಅಂಗದ ಸಹಜ ಕೆಲಸವನ್ನು ಪುಸ್ತಕ ಮುಚ್ಚಿ ಐದು ವಾಕ್ಯದಲ್ಲಿ ಹೇಳಿ. ಬಾರದಿದ್ದರೆ ಮೊದಲ ವರ್ಷದ ಫಿಸಿಯಾಲಜಿ ಪುಸ್ತಕಕ್ಕೆ ಹಿಂತಿರುಗಿ. ಇದು ಸಮಯ ಹಾಳು ಎನ್ನಿಸುತ್ತದೆ, ಹಾಗಲ್ಲ. ಹಾರ್ಟ್ ಫೇಲ್ಯೂರ್‌ನಲ್ಲಿ ಎಡಭಾಗ ಸೋತರೆ ಶ್ವಾಸಕೋಶದಲ್ಲಿ ನೀರು, ಬಲಭಾಗ ಸೋತರೆ ಕಾಲು ಬಾವು ಎಂದು ಉರು ಹೊಡೆಯುವವರು ಪರೀಕ್ಷೆಯಲ್ಲಿ ಅದಲು ಬದಲು ಮಾಡುತ್ತಾರೆ. ಎಡ ಹೃತ್ಕರ್ಣಕ್ಕೆ ರಕ್ತ ಬರುವುದು ಶ್ವಾಸಕೋಶದಿಂದ, ಬಲಕ್ಕೆ ಬರುವುದು ಮೈಯಿಂದ ಎಂದು ಗೊತ್ತಿದ್ದವರಿಗೆ ಉರು ಹೊಡೆಯುವ ಪ್ರಶ್ನೆಯೇ ಇಲ್ಲ. ಮುಂದೆ ತಳ್ಳಲಾಗದ್ದು ಹಿಂದೆ ನಿಲ್ಲುತ್ತದೆ, ಕೆರೆಯ ತೂಬು ಕಟ್ಟಿದ ಹಾಗೆ.

ಕೆಲವು ಅಂಕಿಗಳು ಮಾತ್ರ ಬಾಯಿಗೆ ಬರಲೇಬೇಕು. ಸೋಡಿಯಂ 135ರಿಂದ 145, ಪೊಟ್ಯಾಶಿಯಂ 3.5ರಿಂದ 5.0, ರಕ್ತದ ಪಿಎಚ್ 7.35ರಿಂದ 7.45, ಕಾರ್ಬನ್ ಡೈಆಕ್ಸೈಡ್ ಒತ್ತಡ 35ರಿಂದ 45, ಬೈಕಾರ್ಬನೇಟ್ 22ರಿಂದ 26, ಪ್ಲೇಟ್‌ಲೆಟ್ ಒಂದೂವರೆಯಿಂದ ನಾಲ್ಕು ಲಕ್ಷ. ವಯಸ್ಕರ ಮೂತ್ರ ಗಂಟೆಗೆ ಕೆ.ಜಿ.ಗೆ ಕನಿಷ್ಠ 0.5 ಮಿ.ಲೀ., ಎಂದರೆ 60 ಕೆ.ಜಿ.ಯವರಿಗೆ 30 ಮಿ.ಲೀ. ಹಾಸ್ಟೆಲ್ ಗೋಡೆಗೆ ಅಂಟಿಸಿಕೊಳ್ಳಿ.

ರೋಗದ ಹೆಸರಿಗಿಂತ ಮುಂಚೆ ಮೂಲ ಪ್ರಕ್ರಿಯೆಗಳು

ರೋಗಗಳು ನೂರಾರು, ಅವುಗಳ ಒಳಗೆ ನಡೆಯುವ ಮೂಲ ಪ್ರಕ್ರಿಯೆಗಳು ಬೆರಳೆಣಿಕೆಯವು: ಜೀವಕೋಶದ ಗಾಸಿ ಮತ್ತು ಹೊಂದಾಣಿಕೆ, ಉರಿಯೂತ, ಬಾವು, ರಕ್ತ ಹೆಪ್ಪುಗಟ್ಟುವುದು, ಶಾಕ್ (ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ), ರೋಗನಿರೋಧಕ ವ್ಯವಸ್ಥೆಯ ಎಡವಟ್ಟು, ಕೋಶಗಳ ಅಂಕೆಮೀರಿದ ಬೆಳವಣಿಗೆ. ಇವನ್ನು ಮೊದಲ ಆರು ವಾರದಲ್ಲಿ ಗಟ್ಟಿ ಮಾಡಿಕೊಂಡವರಿಗೆ ಆಮೇಲಿನ ರೋಗಗಳೆಲ್ಲ ಹಳೇ ಪರಿಚಯದವರಂತೆ ಕಾಣುತ್ತವೆ.

ಬಾವನ್ನೇ ತೆಗೆದುಕೊಳ್ಳಿ. 'ಮೈಯೆಲ್ಲ ಬಾತಿದೆ' ಎಂದು ಬಂದವರಲ್ಲಿ ನೀರು ರಕ್ತನಾಳದಿಂದ ಹೊರಬಂದು ನಿಲ್ಲಲು ಮುಖ್ಯ ದಾರಿ ನಾಲ್ಕು. ನಾಳದೊಳಗಿನ ಒತ್ತಡ ಏರಿರಬೇಕು, ಹಾರ್ಟ್ ಫೇಲ್ಯೂರ್‌ನಲ್ಲಿ ಹಾಗೆ. ನೀರನ್ನು ಒಳಗೆ ಹಿಡಿದಿಡುವ ಆಲ್ಬುಮಿನ್ ಇಳಿದಿರಬೇಕು, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ನೆಫ್ರೋಟಿಕ್ ಸಿಂಡ್ರೋಮ್ ಅಥವಾ ಲಿವರ್ ಸಿರೋಸಿಸ್‌ನಲ್ಲಿ ಹಾಗೆ. ನಾಳದ ಗೋಡೆಯೇ ಸೋರುತ್ತಿರಬೇಕು, ಸುಟ್ಟಗಾಯದಲ್ಲಿ, ಜೇನು ಕಚ್ಚಿದಾಗ ಹಾಗೆ. ಇಲ್ಲವೆ ದುಗ್ಧನಾಳ ಕಟ್ಟಿರಬೇಕು, ಆನೆಕಾಲಿನಲ್ಲಿ ಹಾಗೆ. ಲಕ್ಷಣ ಒಂದೇ, ದಾರಿ ನಾಲ್ಕು, ಆರೈಕೆಯೂ ಬೇರೆ ಬೇರೆ.

ಡೆಂಗಿ ಇದರಲ್ಲಿ ಮೂರನೇ ದಾರಿಯದು. ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ ಇರುತ್ತದೆ, ಆದರೆ ಅಪಾಯದ ಮೂಲ ಪ್ಲಾಸ್ಮಾ ಸೋರಿಕೆ. ಜ್ವರ ಶುರುವಾದ ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ ಇದು ಶುರುವಾಗಿ 24ರಿಂದ 48 ಗಂಟೆ ನಡೆಯುತ್ತದೆ. ನೀರು ಹೊರಹೋಗಿ ರಕ್ತಕಣ ಉಳಿಯುವುದರಿಂದ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತದೆ. ಮೇಲಿನ ಮತ್ತು ಕೆಳಗಿನ ಬಿಪಿ ನಡುವಿನ ಅಂತರ 20 ಅಥವಾ ಅದಕ್ಕಿಂತ ಕಡಿಮೆಗೆ ಬಂದರೆ ಶಾಕ್ ಬಾಗಿಲಲ್ಲಿದೆ ಎಂದರ್ಥ. 'ಜ್ವರ ಬಿಟ್ಟಿದೆ, ಮನೆಗೆ ಕರ್ಕೊಂಡು ಹೋಗ್ತೀವಿ' ಎಂದು ಮನೆಯವರು ಕೇಳುವುದೂ ಅದೇ ದಿನ. ಕೊಂಡಿ ಗೊತ್ತಿದ್ದ ವಿದ್ಯಾರ್ಥಿ ಆ ಹೊತ್ತಿನಲ್ಲಿ ಟೆಂಪರೇಚರ್ ಚಾರ್ಟ್ ನೋಡಿ ಸಮಾಧಾನ ಪಡುವುದಿಲ್ಲ, ಬಿಪಿ ಕಫ್ ಎತ್ತಿಕೊಳ್ಳುತ್ತಾಳೆ.

ಫೈಬ್ರೋಸಿಸ್ (ಅಂಗದಲ್ಲಿ ನಾರು ಕಟ್ಟುವುದು) ಎಂಬ ಪದ ಬಂದಾಗ ಕೋಲಾರ ಜಿಲ್ಲೆಯವರಿಗೆ ದೂರದ ಉದಾಹರಣೆ ಬೇಡ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇತ್ತು. ಬಂಡೆ ಕೊರೆದ ಸಣ್ಣ ಧೂಳು ಗಾಳಿಗೂಡಿನವರೆಗೆ ಇಳಿಯುತ್ತದೆ. ಅದನ್ನು ನುಂಗಿದ ಮ್ಯಾಕ್ರೋಫೇಜ್ ಕೋಶ ಅರಗಿಸಲಾರದೆ ಸಾಯುತ್ತದೆ, ಸಾಯುವಾಗ ಉರಿಯೂತದ ರಾಸಾಯನಿಕಗಳನ್ನು ಚೆಲ್ಲುತ್ತದೆ, ಅದೇ ಧೂಳನ್ನು ಇನ್ನೊಂದು ಕೋಶ ನುಂಗುತ್ತದೆ. ಈ ಸುತ್ತು ನಿಲ್ಲದು. ಗಾಯ ಮಾಯಿಸಲು ಬಂದ ನಾರು ಶ್ವಾಸಕೋಶವನ್ನೇ ಬಿಗಿಯುತ್ತದೆ. ಗಣಿ ಬಿಟ್ಟ ಮೇಲೂ ರೋಗ ಬೆಳೆಯುವುದು ಹೀಗೆ. ಕ್ಷಯದ ರೋಗಾಣುವನ್ನು ಹಿಡಿಯಬೇಕಾದ ಕೋಶವೂ ಅದೇ ಮ್ಯಾಕ್ರೋಫೇಜ್ ಆದ್ದರಿಂದ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಅಂಟಿಕೊಳ್ಳುತ್ತದೆ.

ಕೊಂಡಿಹಾಳೆ ಬರೆಯುವ ಕ್ರಮ

ಎ4 ಹಾಳೆ ಅಡ್ಡ ಇಟ್ಟುಕೊಳ್ಳಿ. ಎಡಕ್ಕೆ ಮೂಲ ಕಾರಣ, ಬಲತುದಿಗೆ ಲಕ್ಷಣಗಳು, ನಡುವೆ ಬಾಣಗಳು. ಪ್ರತಿ ಬಾಣದ ಮೇಲೂ ಸಣ್ಣದಾಗಿ 'ಯಾಕೆಂದರೆ' ಬರೆಯಬೇಕು. ಬರೆಯಲು ಏನೂ ತೋಚದ ಬಾಣವನ್ನು ಕೆಂಪಿನಲ್ಲಿ ಗುರುತಿಸಿ, ನೀವು ಓದಬೇಕಾದ್ದು ಅಷ್ಟನ್ನೇ. ಕನ್ನಡ ಮಾಧ್ಯಮದಿಂದ ಬಂದವರು 'ಯಾಕೆಂದರೆ' ಭಾಗವನ್ನು ಕನ್ನಡದಲ್ಲೇ ಬರೆದು, ಪಾರಿಭಾಷಿಕ ಪದವನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಲಿ. ಅರ್ಥ ಕೂತ ಮೇಲೆ ಇಂಗ್ಲಿಷ್ ವಾಕ್ಯ ಕಟ್ಟುವುದು ಕಷ್ಟವಲ್ಲ, ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಉರು ಹೊಡೆದರೆ ಎರಡೂ ಕೈತಪ್ಪುತ್ತವೆ.

ಡಯಾಬಿಟಿಕ್ ಕೀಟೋಅಸಿಡೋಸಿಸ್‌ಗೆ (ಸಕ್ಕರೆ ಕಾಯಿಲೆಯಲ್ಲಿ ಕೀಟೋನ್ ಸೇರಿ ರಕ್ತ ಆಮ್ಲೀಯವಾಗುವ ಸ್ಥಿತಿಗೆ) ಹಾಳೆ ಹೀಗಿರುತ್ತದೆ. ಇನ್ಸುಲಿನ್ ಇಲ್ಲ, ಆದ್ದರಿಂದ ಸಕ್ಕರೆ ಕೋಶದೊಳಗೆ ಹೋಗದೆ ರಕ್ತದಲ್ಲಿ ನಿಲ್ಲುತ್ತದೆ. ಸುಮಾರು 180 ದಾಟಿದರೆ ಮೂತ್ರಪಿಂಡಕ್ಕೆ ಅದನ್ನು ಹಿಂದಕ್ಕೆ ಹೀರಲಾಗದು, ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದರಿಂದ ಬಹುಮೂತ್ರ, ಬಾಯಾರಿಕೆ, ಒಣ ನಾಲಿಗೆ, ಇಳಿದ ಬಿಪಿ, ಓಡುವ ನಾಡಿ. ಇದು ಒಂದು ಎಳೆ. ಎರಡನೇ ಎಳೆ: ಕೋಶಗಳು ಹಸಿದಿವೆ, ಕೊಬ್ಬು ಕರಗುತ್ತದೆ, ಲಿವರ್ ಅದನ್ನು ಕೀಟೋನ್ ಮಾಡುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಆಮ್ಲವನ್ನು ಹೊರದೂಡಲು ಮೈ ಕಾರ್ಬನ್ ಡೈಆಕ್ಸೈಡನ್ನು ಉಸಿರಿನಲ್ಲಿ ಕಳೆಯುತ್ತದೆ, ಆಳವಾದ, ಬಿರುಸಾದ ಕುಸ್‌ಮಾಲ್ ಉಸಿರು ಅದೇ. ಬಾಯಿಯಿಂದ ಬರುವ ಹಣ್ಣಿನಂಥ ವಾಸನೆ ಅಸಿಟೋನ್‌ನದು.

ಈಗ ಅಂಕಿ ಹಾಕಿ ನೋಡಿ: ಸಕ್ಕರೆ 480, ಪಿಎಚ್ 7.23, ಬೈಕಾರ್ಬನೇಟ್ 9, ಕಾರ್ಬನ್ ಡೈಆಕ್ಸೈಡ್ ಒತ್ತಡ 22, ಪೊಟ್ಯಾಶಿಯಂ 5.4. ಬೈಕಾರ್ಬನೇಟ್ ಇಳಿದಿರುವುದು ಮೂಲ ತೊಂದರೆ, ಕಾರ್ಬನ್ ಡೈಆಕ್ಸೈಡ್ ಇಳಿದಿರುವುದು ಮೈ ಮಾಡಿಕೊಂಡ ಹೊಂದಾಣಿಕೆ. ಹೆಚ್ಚಿನವರು ಎಡವುವುದು ಪೊಟ್ಯಾಶಿಯಂನಲ್ಲಿ. 5.4 ಎಂದರೆ ಜಾಸ್ತಿ ಇದೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಮೂತ್ರದ ಜೊತೆ ಹೋಗಿ ಹೋಗಿ ಮೈಯಲ್ಲಿ ಪೊಟ್ಯಾಶಿಯಂ ಬರಿದಾಗಿದೆ. ಇನ್ಸುಲಿನ್ ಇಲ್ಲದ್ದರಿಂದ, ಆಮ್ಲ ಏರಿದ್ದರಿಂದ ಉಳಿದದ್ದು ಕೋಶದಿಂದ ರಕ್ತಕ್ಕೆ ಬಂದು ನಿಂತಿದೆ, ಅಷ್ಟೇ. ಇನ್ಸುಲಿನ್ ಡ್ರಿಪ್ ಶುರುವಾದ ಕೂಡಲೇ ಅದು ಕೋಶದೊಳಕ್ಕೆ ನುಗ್ಗುತ್ತದೆ, ರಕ್ತದಲ್ಲಿ ದಿಢೀರನೆ ಇಳಿಯುತ್ತದೆ, ಹೃದಯದ ಬಡಿತ ಕೆಡುತ್ತದೆ. ಅದಕ್ಕೇ ಪೊಟ್ಯಾಶಿಯಂ ಮೊದಲೇ ಕಡಿಮೆಯಿದ್ದರೆ ವೈದ್ಯರು ಇನ್ಸುಲಿನ್ ತಡೆದು ಮೊದಲು ಅದನ್ನು ತುಂಬಿಸುತ್ತಾರೆ. ಪೊಟ್ಯಾಶಿಯಂ ಕ್ಲೋರೈಡ್ ಹಾಕುವ ಮುನ್ನ ಮೂತ್ರ ಬರುತ್ತಿದೆಯೇ ನೋಡಬೇಕು, ಅದನ್ನು ಎಂದಿಗೂ ನೇರ ಸಿರಿಂಜಿನಲ್ಲಿ ರಕ್ತನಾಳಕ್ಕೆ ತಳ್ಳಬಾರದು.

ಇನ್ನೊಂದು ಪ್ರಶ್ನೆ: ಸಕ್ಕರೆ 200–250ರ ಮಟ್ಟಕ್ಕೆ ಇಳಿದ ಮೇಲೆ ಅದೇ ರೋಗಿಗೆ ಡೆಕ್ಸ್‌ಟ್ರೋಸ್ ಹಾಕುತ್ತಾರೆ, ಯಾಕೆ? ಸಕ್ಕರೆ ಇಳಿದರೂ ಕೀಟೋನ್ ಇನ್ನೂ ಇದೆ. ಕೀಟೋನ್ ನಿಲ್ಲಲು ಇನ್ಸುಲಿನ್ ಮುಂದುವರಿಯಬೇಕು, ಇನ್ಸುಲಿನ್ ಮುಂದುವರಿದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಆದ್ದರಿಂದ ಸಕ್ಕರೆ ಕೊಟ್ಟುಕೊಂಡೇ ಇನ್ಸುಲಿನ್ ಕೊಡುವುದು. ಈ ಒಂದು ಉತ್ತರ ಸರಿಯಾಗಿ ಬಂದರೆ ಹಾಳೆ ನಿಮ್ಮದಾಗಿದೆ ಎಂದು ತಿಳಿಯಿರಿ.

ಹಾಳೆಯ ಕೆಳಗೆ ಒಂದು ಗೆರೆ ಎಳೆದು ಪ್ರತಿ ಲಕ್ಷಣದಡಿ ಎರಡೇ ಸಾಲು: ನರ್ಸ್ ಏನು ಗಮನಿಸಬೇಕು, ಯಾವ ಅಂಕಿ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕೇರ್ ಪ್ಲಾನ್‌ನ ರ‍್ಯಾಷನೇಲ್ ಕಾಲಂ ಇಲ್ಲಿಂದಲೇ ತುಂಬುತ್ತದೆ. ಬೇರೆಯವರ ಫೈಲ್ ನೋಡಿ ಇಳಿಸಿಕೊಳ್ಳಬೇಕಾಗಿಲ್ಲ.

ವಾರ್ಡಿನಲ್ಲಿ ಓದುವುದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಹಾವು ಕಚ್ಚಿ ಬರುವವರನ್ನು ನೋಡದೆ ಪೋಸ್ಟಿಂಗ್ ಮುಗಿಯುವುದು ಅಪರೂಪ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಹತ್ತಿರ ನಿಂತು ನೋಡಿ. ಹೊಸ, ಒಣಗಿದ, ಸ್ವಚ್ಛವಾದ ಗಾಜಿನ ಟೆಸ್ಟ್ ಟ್ಯೂಬಿಗೆ 2 ಮಿ.ಲೀ. ರಕ್ತ, ಅಲುಗಾಡಿಸದೆ 20 ನಿಮಿಷ, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ಇನ್ನೂ ನೀರಾಗಿದ್ದರೆ ರಕ್ತ ಹೆಪ್ಪುಗಟ್ಟುವ ಸಾಮಗ್ರಿ ಖಾಲಿಯಾಗಿದೆ. ಕೊಳಕುಮಂಡಲದ ವಿಷ ಹೆಪ್ಪುಗಟ್ಟುವ ಸರಪಣಿಯನ್ನು ಮೈಯೊಳಗೇ ಅಡ್ಡಾದಿಡ್ಡಿ ಕೆರಳಿಸಿ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಮುಗಿಸಿಬಿಡುತ್ತದೆ, ಹೊರಗೆ ಬೇಕಾದಾಗ ಏನೂ ಉಳಿದಿರುವುದಿಲ್ಲ.

ಇಲ್ಲಿ ಕೆಡುವುದು ಸಣ್ಣ ಸಣ್ಣ ವಿಷಯದಲ್ಲಿ. ಸೋಪುಪುಡಿಯಲ್ಲಿ ತೊಳೆದ ಟ್ಯೂಬ್, ಪ್ಲಾಸ್ಟಿಕ್ ವಯಲ್, ನಡುನಡುವೆ ಎತ್ತಿ ಎತ್ತಿ ನೋಡುವುದು. ಗಾಜಿನ ಮೇಲ್ಮೈ ತಾಗಿಯೇ ಹೆಪ್ಪುಗಟ್ಟುವುದು ಶುರುವಾಗುವುದರಿಂದ ಪ್ಲಾಸ್ಟಿಕ್ಕಿನಲ್ಲಿ ಅಥವಾ ಸೋಪಿನ ಲೇಪ ಉಳಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಗಟ್ಟಿಯಾಗದೆ ಉಳಿಯಬಹುದು, ಬೇಡದ ಆಂಟಿವೆನಮ್ ಹೋಗಬಹುದು. ಆಂಟಿವೆನಮ್ ಕೊಟ್ಟು ಆರು ಗಂಟೆಗೆ ಪರೀಕ್ಷೆ ಮತ್ತೆ ಮಾಡುವುದೂ ಲೆಕ್ಕವಿಲ್ಲದೆ ಅಲ್ಲ, ಲಿವರ್ ಹೊಸ ಕ್ಲಾಟಿಂಗ್ ಫ್ಯಾಕ್ಟರ್ ತಯಾರಿಸಲು ಅಷ್ಟು ಹೊತ್ತು ಬೇಕು.

ಪರೀಕ್ಷೆ ನಾರ್ಮಲ್ ಎಂದರೆ ವಿಷವಿಲ್ಲ ಎಂದಲ್ಲ. ಕಟ್ಟುಹಾವಿನ ವಿಷ ರಕ್ತಕ್ಕೆ ಕೈ ಹಾಕುವುದಿಲ್ಲ, ನರ ಮತ್ತು ಸ್ನಾಯು ಕೂಡುವ ಕಡೆ ಸಂದೇಶ ತಡೆಯುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ನೋವೇ ಇಲ್ಲದೆ ಕಚ್ಚಿರಬಹುದು, ಬೆಳಗ್ಗೆ ಹೊಟ್ಟೆನೋವೆಂದು ಬರುತ್ತಾರೆ. ರೆಪ್ಪೆ ಜೋಲುತ್ತಿದೆಯೇ, ಎಂಜಲು ನುಂಗಲು ಆಗುತ್ತಿದೆಯೇ, ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾರೆ ನೋಡಿ.

ರೋಗಿಯ ಮಾತನ್ನು ಪಾರಿಭಾಷಿಕ ಪದಕ್ಕೆ ಹೊಂದಿಸುವ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. 'ಎದ್ರೆ ಕಣ್ಣಿಗೆ ಕತ್ತಲೆ ಕಟ್ಟುತ್ತೆ' ಎಂದರೆ ಮಲಗಿ ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಬೇಕು. 'ಕಾಲು ಜೋಮು' ಎಂದರೆ ಪ್ಯಾರಸ್ತೀಷಿಯಾ. ಗಡಿಭಾಗದಲ್ಲಿ ತೆಲುಗು ಮಾತಾಡುವವರು 'ಆಯಾಸಂ' ಎಂದಾಗ ಕನ್ನಡದ ಕಿವಿಗೆ ಸುಸ್ತು ಎಂದು ಕೇಳಿಸುತ್ತದೆ. ತೆಲುಗಿನಲ್ಲಿ ಅದು ಏದುಸಿರು. ಕೇಸ್ ಶೀಟಿನಲ್ಲಿ ಫಟೀಗ್ ಎಂದು ಬರೆದುಬಿಟ್ಟರೆ ಡಿಸ್ಪ್ನಿಯಾ ಕಣ್ತಪ್ಪಿಹೋಯಿತು, ಕೊಂಡಿಹಾಳೆ ಮೊದಲ ಬಾಣದಲ್ಲೇ ಬೇರೆ ದಾರಿ ಹಿಡಿಯಿತು.

ಸಮಯ, ಪರೀಕ್ಷೆ

ಡ್ಯೂಟಿ ಮುಗಿಸಿ ಬಂದು ಮೂರು ಗಂಟೆ ಕೂರುವ ಸಂಕಲ್ಪ ಬೇಡ, ನಡೆಯುವುದಿಲ್ಲ. 50 ನಿಮಿಷ ಸಾಕು: 10 ಸಹಜ ಸ್ಥಿತಿಗೆ, 20 ಹಾಳೆಗೆ, 10 ಪುಸ್ತಕ ಮುಚ್ಚಿ ರೂಮ್‌ಮೇಟ್‌ಗೆ ಬಾಯಲ್ಲಿ ಹೇಳಲು, 10 ಆ ದಿನ ಕಂಡ ರೋಗಿಗೆ ಹೊಂದಿಸಲು. ಅದೇ ಹಾಳೆಯನ್ನು ಮೂರನೇ ದಿನ, ಏಳನೇ ದಿನ, ಮೂರನೇ ವಾರ ಖಾಲಿ ಕಾಗದದ ಮೇಲೆ ಮತ್ತೆ ಬರೆಯಿರಿ. ಓದಿ ಗೆರೆ ಎಳೆಯುವುದರಿಂದ ಓದಿದಂತೆ ಅನ್ನಿಸುತ್ತದೆ, ಅಷ್ಟೇ. ವಾರಕ್ಕೆ ಎರಡು ರೋಗ ಹೀಗೆ ಮಾಡಿದರೆ ಸೆಮಿಸ್ಟರ್‌ನ ಮುಖ್ಯ ಭಾಗ ಮುಗಿಯುತ್ತದೆ.

ಲಾಂಗ್ ಎಸ್ಸೇಯಲ್ಲಿ ವ್ಯಾಖ್ಯೆ ಎರಡು ಸಾಲು, ಕಾರಣಗಳು, ಆಮೇಲೆ ಬಾಣದ ಚಿತ್ರ, ಪ್ರತಿ ಲಕ್ಷಣ ಯಾವ ಬಾಣದಿಂದ ಬಂತು ಎಂಬುದು, ಕೊನೆಗೆ ಆರೈಕೆ. ಎರಡು ಗೊಂದಲಕ್ಕೆ ಅಂಕ ಹೋಗುತ್ತದೆ. ಕಾರಣ ಬೇರೆ, ರಿಸ್ಕ್ ಫ್ಯಾಕ್ಟರ್ ಬೇರೆ: ಟಿಬಿಗೆ ಕಾರಣ ರೋಗಾಣು, ಸಕ್ಕರೆ ಕಾಯಿಲೆ, ಅಪೌಷ್ಟಿಕತೆ ರಿಸ್ಕ್ ಫ್ಯಾಕ್ಟರ್. ರೋಗಿ ಹೇಳಿದ್ದು ಸಿಂಪ್ಟಂ, ನೀವು ಕಂಡು ಅಳೆದದ್ದು ಸೈನ್: 'ಉಸಿರು ಕಟ್ಟುತ್ತೆ' ಮೊದಲನೆಯದು, ನಿಮಿಷಕ್ಕೆ 32 ಉಸಿರು ಎರಡನೆಯದು.

ವೈವಾದಲ್ಲಿ ಹಾರ್ಟ್ ಫೇಲ್ಯೂರ್ ರೋಗಿಗೆ ಎರಡು ದಿಂಬು ಯಾಕೆ ಎಂದು ಕೇಳಿದರೆ 'ಉಸಿರಾಡಲು ಅನುಕೂಲ' ಎಂದು ನಿಲ್ಲಿಸಬೇಡಿ. ಅಂಗಾತ ಮಲಗಿದರೆ ಕಾಲಿನ ರಕ್ತ ಹೃದಯಕ್ಕೆ ಹೆಚ್ಚಾಗಿ ಮರಳುತ್ತದೆ, ಸೋತ ಎಡಭಾಗ ಅದನ್ನು ಮುಂದಕ್ಕೆ ತಳ್ಳಲಾರದು, ಶ್ವಾಸಕೋಶದಲ್ಲಿ ನೀರು ಕೂಡುತ್ತದೆ. ಕೂರಿಸಿದರೆ ಆ ರಕ್ತ ಕೆಳಗೇ ಉಳಿಯುತ್ತದೆ. ದಿಂಬು ಎರಡರಿಂದ ಮೂರಕ್ಕೆ ಏರಿದರೆ ಅದನ್ನು ನೋಟ್ಸ್‌ನಲ್ಲಿ ಬರೆಯಬೇಕು.